ಉಯಿಲು ಉವಾಚ

ಬಸವನಗುಡಿಯ ಹಳೆಯ ಮನೆಗಳಲ್ಲಿ ಉಯಿಲು ಎಂಬ ಪದಾರ್ಥವನ್ನು ಕಂಡು ಸಂತೋಷಪಟ್ಟವರು ವಿರಳ. ತಂದೆಯವರ ವೈಕುಂಠ ಸಮಾರಾಧನೆ ಮುಗಿದು, ನೆಂಟರು ಕೈತೊಳೆದು ತಾಂಬೂಲ ಮೆಲ್ಲುತ್ತಿರುವ ಹೊತ್ತಿನಲ್ಲಿ, ಬೀರುವಿನ ಒಳಖಾನೆಯಿಂದ ಹೊರಬೀಳುವ ಆ ಮಡಿಸಿದ ಕಾಗದವು, ಅರುವತ್ತು ನಲವತ್ತರ ನಿವೇಶನವೊಂದಕ್ಕಾಗಿ ಮೂವರು ಸಹೋದರರನ್ನು ಸಿಟಿ ಸಿವಿಲ್ ನ್ಯಾಯಾಲಯದ ಮೆಟ್ಟಿಲುಗಳ ಮೇಲೆ ಪರಸ್ಪರ ಮುಖ ತಿರುಗಿಸಿ ನಿಲ್ಲಿಸಿದ ಉದಾಹರಣೆಗಳು ಗಾಂಧಿ ಬಜಾರಿನ ಒಂದೊಂದು ಅಡ್ಡರಸ್ತೆಯಲ್ಲಿಯೂ ದೊರೆಯುತ್ತವೆ. ಅಂಥ ಬಡಾವಣೆಯಲ್ಲಿ, ಸಮುದ್ರದಾಚೆಯ ಯಾರದೋ ಉಯಿಲಿನಿಂದ ಒಂದು ಮನೆಗೆ ಲಾಭವಾಯಿತೆಂದೂ, ಆ ಲಾಭದ ಸಲುವಾಗಿ ಯಾರೂ ಯಾರ ಮೇಲೂ ದಾವೆ ಹೂಡಲಿಲ್ಲವೆಂದೂ, ನೆರೆಹೊರೆಯವರೆಲ್ಲ ಒಂದುಗೂಡಿ ಮೈಸೂರು ಪಾಕು ಹಂಚಿದರೆಂದೂ ಕಿವಿಗೆ ಬಿದ್ದಾಗ, ಆ ಅಪೂರ್ವ ದಸ್ತಾವೇಜನ್ನು ಕಣ್ಣಾರೆ ಕಂಡು ನಾಲ್ಕು ಮಾತು ಕೇಳಿ ಬರಬೇಕೆಂಬ ಆಸೆ ನನಗೆ ಉಂಟಾದುದರಲ್ಲಿ ಆಶ್ಚರ್ಯವಿಲ್ಲ.

ಆ ಮನೆಯ ಹುಡುಗಿ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಐದು ವರ್ಷ ನ್ಯಾಯಶಾಸ್ತ್ರವನ್ನು ವ್ಯಾಸಂಗ ಮಾಡಿದವಳು. ಮಾಧವ ಮೆನನ್ನರು 1988ರಲ್ಲಿ ಸೆಂಟ್ರಲ್ ಕಾಲೇಜಿನ ಆವರಣದ ಎರವಲು ಕೊಠಡಿಗಳಲ್ಲಿ ಪಾಠ ಆರಂಭಿಸಿದ ಆ ಶಾಲೆಯಿಂದ, ರೋಡ್ಸ್ ವಿದ್ಯಾರ್ಥಿವೇತನವನ್ನು ಗೆದ್ದು ಬಿ.ಸಿ.ಎಲ್. ಎಂಬ ಉನ್ನತ ಪದವಿಗಾಗಿ ಆಕ್ಸ್‌ಫರ್ಡಿಗೆ ಪ್ರಯಾಣ ಬೆಳೆಸುವುದು ಈಚೆಗೆ ಒಂದು ಸಂಪ್ರದಾಯವೇ ಆಗಿದ್ದು, ಈ ಸಲ ಆ ಸಂಪ್ರದಾಯ ನಮ್ಮ ಬೀದಿಯವರೆಗೂ ಬಂದಿತು. ಅಭಿನಂದಿಸಲು ಹೋದ ನನ್ನನ್ನು ಅವಳ ತಾತನವರು ಪಡಸಾಲೆಯಲ್ಲಿ ಕುಳ್ಳಿರಿಸಿ, ಕಾಫಿ ಕೊಡಿಸಿ, ಸಂಧ್ಯಾವಂದನೆಗೆಂದು ಒಳಗೆ ಹೋದರು. ಹುಡುಗಿ ಉಣ್ಣೆಯ ಕೋಟು ಕೊಳ್ಳಲು ಪೇಟೆಗೆ ಹೋಗಿದ್ದಳು. ಟೀಪಾಯಿಯ ಮೇಲೆ ಅವಳ ಕಡತ ತೆರೆದಿತ್ತು. ಮೇಲಿನ ಹಾಳೆಯ ಮೇಲೆ ಯಾರೋ ಅತಿಥಿಗಳು ಇಟ್ಟೆತ್ತಿದ ಲೋಟವು ಕಂದುಬಣ್ಣದ ಉಂಗುರವೊಂದನ್ನು ಒತ್ತಿತ್ತು. ಮೊಹರಿಲ್ಲದೆ ಯಾವ ಕಾಗದವೂ ಸಿಂಧುವಾಗದ ನಮ್ಮ ದೇಶದಲ್ಲಿ ಇದಕ್ಕೂ ಒಂದು ಮೊಹರು ಬಿದ್ದಂತಾಯಿತಲ್ಲ ಎಂದು ನಾನು ಎಣಿಸುತ್ತಿರುವಾಗಲೇ ಆ ಹಾಳೆ ಗಂಟಲು ಸರಿಪಡಿಸಿಕೊಂಡಿತು. ಅದು ಸೆಸಿಲ್ ಜಾನ್ ರೋಡ್ಸ್ ಎಂಬ ಮಹನೀಯರ ಮರಣಶಾಸನದ ಅಚ್ಚುಪ್ರತಿ. ನಮ್ಮ ಸಂಭಾಷಣೆಯನ್ನು ನೆನಪಿದ್ದಷ್ಟು ಇಲ್ಲಿ ಬರೆದಿದ್ದೇನೆ.

ನಾನು: ಮೊದಲು ತಮ್ಮ ಪರಿಚಯ ಅಪ್ಪಣೆಯಾಗಲಿ.

ಉಯಿಲು: 1899ನೆಯ ಇಸವಿ ಜುಲೈ 1ರಂದು, ಪೂರ್ಣ ಬುದ್ಧಿಸ್ವಾಧೀನದಲ್ಲಿದ್ದು, ಯಾರ ಬಲವಂತವಾಗಲಿ ಪ್ರೇರೇಪಣೆಯಾಗಲಿ ಇಲ್ಲದೆ, ಸ್ವಸಂತೋಷದಿಂದ ಸದರಿ ಯಜಮಾನರು ಬರೆಯಿಸಿದ ಏಳನೆಯ ಉಯಿಲು ನಾನು. ನನಗಿಂತ ಮೊದಲು ಹುಟ್ಟಿದ ಆರು ಮಂದಿ ಅಣ್ಣಂದಿರನ್ನು ಅವರೇ ಒಬ್ಬೊಬ್ಬರಾಗಿ ರದ್ದುಪಡಿಸಿದರು. ಅವರ ಪೈಕಿ 1877ರಲ್ಲಿ ಹುಟ್ಟಿದ ಒಬ್ಬ ಅಣ್ಣನಂತೂ, ಬ್ರಿಟಿಷ್ ಪ್ರಭುತ್ವವನ್ನು ಭೂಮಂಡಲದ ಮೇಲೆಲ್ಲ ವಿಸ್ತರಿಸುವುದಕ್ಕಾಗಿ ಒಂದು ಗುಪ್ತಸಂಘವನ್ನು ಸ್ಥಾಪಿಸತಕ್ಕದ್ದೆಂದೂ, ಕೈತಪ್ಪಿಹೋದ ಅಮೆರಿಕವನ್ನು ಪುನಃ ವಶಪಡಿಸಿಕೊಳ್ಳತಕ್ಕದ್ದೆಂದೂ ವಿಧಿಸಿದ್ದನು.

ನಾನು: ಆಗ ಯಜಮಾನರಿಗೆ ಎಷ್ಟು ವಯಸ್ಸು?

ಉಯಿಲು: ಇಪ್ಪತ್ತನಾಲ್ಕು.

ನಾನು: ಆ ವಯಸ್ಸಿಗೆ ನಮ್ಮ ಹುಡುಗರು ಕೆ.ಎ.ಎಸ್. ಪರೀಕ್ಷೆಯ ಅರ್ಜಿ ತುಂಬುತ್ತಿರುತ್ತಾರೆ.

ಉಯಿಲು: ಪ್ರಪಂಚವನ್ನು ಆಳಬೇಕೆಂಬ ಆಸೆ ಎರಡು ಕಡೆಯೂ ಒಂದೇ, ನಿಮ್ಮವರು ತಾಲ್ಲೂಕಿನಿಂದ ಆರಂಭಿಸುತ್ತಾರೆ. ಅದಿರಲಿ. ವಯಸ್ಸಿನೊಡನೆ ಯಜಮಾನರಿಗೂ ವಿವೇಕ ಬಂದಿತು. ಲೋಕವನ್ನು ಗೆಲ್ಲುವುದಕ್ಕೆ ಹಣ ಸುರಿಯುವುದಕ್ಕಿಂತ, ಲೋಕವನ್ನು ಮುಂದೆ ಆಳತಕ್ಕ ಹುಡುಗರನ್ನು ಆರಿಸಿ ಆಕ್ಸ್‌ಫರ್ಡಿನಲ್ಲಿ ಎರಡು ಮೂರು ವರ್ಷ ಅನ್ನ ಹಾಕಿ ಸಾಕುವುದು ಎಷ್ಟೋ ಅಗ್ಗವೆಂಬ ಜ್ಞಾನೋದಯದ ಫಲ ನಾನು. 1902ರ ಮಾರ್ಚ್ 26ರಂದು ಅವರು ನಲವತ್ತೆಂಟನೆಯ ವಯಸ್ಸಿಗೇ ಕಾಲವಾದರು. ಅಂದಿನಿಂದ ನಾನು ಮಾತಾಡುತ್ತಿದ್ದೇನೆ. ಬರೆದವರು ಬಾಯಿ ಮುಚ್ಚಿದ ಮೇಲೆ ಬಾಯಿ ತೆರೆಯುವುದು ನಮ್ಮ ಕುಲಧರ್ಮ.

ನಾನು: ತಮ್ಮ ಉದ್ದೇಶವು ಸಾಮ್ರಾಜ್ಯದ ಐಕ್ಯವನ್ನು ಕಾಪಾಡುವುದೆಂದು ತಮ್ಮಲ್ಲಿಯೇ ಬರೆದಿದೆ. ಅಂದಮೇಲೆ ಆ ಸಾಮ್ರಾಜ್ಯದಲ್ಲೆಲ್ಲ ಜನಸಂಖ್ಯೆಯಲ್ಲಿ ದೊಡ್ಡದಾದ ನಮ್ಮ ದೇಶಕ್ಕೆ ಎಷ್ಟು ಸ್ಥಾನಗಳನ್ನು ಕೊಟ್ಟಿದ್ದಿರಿ?

ಉಯಿಲು: ಕೆನಡಾ ಇದ್ದಿತು, ಆಸ್ಟ್ರೇಲಿಯಾ ಇದ್ದಿತು, ಅಂಗೈಯಗಲದ ಬರ್ಮುಡಾ ಕೂಡ ಇದ್ದಿತು. ಸಾಮ್ರಾಜ್ಯಕ್ಕೆ ಸೇರದ ಅಮೆರಿಕಕ್ಕೆ ಸಂಸ್ಥಾನವಾರು ಹಂಚಿದ್ದೆ. ಅನುಬಂಧವೊಂದನ್ನು ಅಂಟಿಸಿ ಜರ್ಮನರಿಗೂ ಕೊಟ್ಟೆ. ಭಾರತವು ನೆನಪಿಗೆ ಬರಲಿಲ್ಲ.

ನಾನು: ಬಂದದ್ದು ಯಾವಾಗ?

ಉಯಿಲು: (ಸ್ವಲ್ಪ ಹೊತ್ತು ಸುಮ್ಮನಿದ್ದು) 1947ರಲ್ಲಿ.

ಸಾಮ್ರಾಜ್ಯವು ಗಂಟುಮೂಟೆ ಕಟ್ಟಿ ಬೊಂಬಾಯಿಯ ಬಂದರಿನತ್ತ ಹೊರಟ ವರ್ಷವೇ ಸಾಮ್ರಾಜ್ಯದ ಐಕ್ಯಕ್ಕೆಂದು ಹುಟ್ಟಿದ ವಿದ್ಯಾರ್ಥಿವೇತನವು ನಮ್ಮ ಬಾಗಿಲಿಗೆ ಬಂದಿತೆಂಬ ಸಂಗತಿಯನ್ನು ಅರಗಿಸಿಕೊಳ್ಳಲು ನನಗೂ ಒಂದು ಗುಟುಕು ಕಾಫಿ ಬೇಕಾಯಿತು.

ನಾನು: ಜನಾಂಗದ ಕಾರಣದಿಂದಾಗಲಿ ಮತದ ಕಾರಣದಿಂದಾಗಲಿ ಯಾರನ್ನೂ ತಿರಸ್ಕರಿಸಕೂಡದೆಂದು ತಾವು ಅಂದೇ ವಿಧಿಸಿದ್ದಿರಷ್ಟೆ. ಅದು ದೊಡ್ಡ ಮಾತು.

ಉಯಿಲು: ಮಾತು ದೊಡ್ಡದೇ. ಯಜಮಾನರ ಮನಸ್ಸಿನಲ್ಲಿದ್ದ ಜನಾಂಗಗಳೆಂದರೆ ಆಂಗ್ಲರು ಮತ್ತು ಡಚ್ಚರು. ಆದರೆ ಬರೆದ ಮೇಲೆ ಬರೆಹಕ್ಕೆ ತನ್ನದೇ ಆದ ಪ್ರಾಣ ಬರುತ್ತದೆ. 1907ರಲ್ಲಿ ಪೆನ್ಸಿಲ್ವೇನಿಯಾದ ಮಂಡಲಿಯವರು ಆಲೇನ್ ಲಾಕ್ ಎಂಬ ಕಪ್ಪು ತರುಣನನ್ನು ಆರಿಸಿ ಕಳುಹಿಸಿದಾಗ, ನನ್ನ ವಾಕ್ಯ ಅವನನ್ನು ಕಾಪಾಡಿತು. ಕೆಲವು ಕಾಲೇಜುಗಳು ಮಾತ್ರ ತಮ್ಮಲ್ಲಿ ಸ್ಥಳವಿಲ್ಲವೆಂದುವು.

ನಾನು: ಅಯ್ಯೋ, ವಿದ್ಯಾಪೀಠದಲ್ಲಿಯೂ ಅಂಥ ಸಂಕುಚಿತ ಬುದ್ಧಿಯೇ!

ಉಯಿಲು: ಬರುವಾಗ ನಿಮ್ಮ ಬೀದಿಯಲ್ಲಿ ಎರಡು ಹಲಗೆಗಳನ್ನು ಓದಿದೆ. ಮನೆ ಬಾಡಿಗೆಗೆ ಇದೆಯಂತೆ; ಶುದ್ಧ ಸಸ್ಯಾಹಾರಿಗಳಿಗೆ ಮಾತ್ರವಂತೆ. ಮುಂದಿನ ಪ್ರಶ್ನೆ ಕೇಳಿ.

ನಾನು: ಕೇಳುತ್ತೇನೆ. ಈ ಮನೆಯಲ್ಲಿ ಗೆದ್ದವಳು ಹೆಣ್ಣುಮಗಳು. ತಾವು ಅಪೇಕ್ಷಿಸಿದ್ದು ಪುರುಷೋಚಿತವಾದ ಆಟಪಾಟಗಳನ್ನು, ಪೌರುಷವನ್ನು.

ಉಯಿಲು: ಎಪ್ಪತ್ತೈದು ವರ್ಷ ಆ ಪದಗಳನ್ನು ಬಿಗಿಹಿಡಿದೆ. ಬಳಿಕ 1975ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಲಿಂಗಭೇದವನ್ನು ನಿಷೇಧಿಸುವ ಕಾನೂನನ್ನು ಮಾಡಿ, ಸತ್ತವರ ಮಾತನ್ನೂ ತಿದ್ದಲು ಎಡೆಮಾಡಿಕೊಟ್ಟಿತು. 1977ರಲ್ಲಿ ಮೊದಲ ವಿದ್ಯಾರ್ಥಿನಿಯರು ಒಳಗೆ ಬಂದರು. ಇಷ್ಟು ವರ್ಷ ಏಕೆ ತಡವಾಯಿತೆಂದು ಕೇಳಬೇಡಿ. ಉಯಿಲಿಗೆ ಕಿವಿ ಇರುವುದಿಲ್ಲ.

ಇಲ್ಲಿ ಓದುಗರ ಅನುಮತಿಯಿಂದ ನಾನು ಸಂದರ್ಶನವನ್ನು ನಿಲ್ಲಿಸಿ ಒಬ್ಬ ಹೆಣ್ಣುಮಗಳನ್ನು ಸ್ಮರಿಸಬೇಕಾಗಿದೆ. ನಾಸಿಕದಲ್ಲಿ ಹುಟ್ಟಿ, ಬಾಲ್ಯದ ಕೆಲವು ವರ್ಷಗಳನ್ನು ನಮ್ಮ ಬೆಳಗಾವಿಯಲ್ಲಿ ಕಳೆದ ಕಾರ್ನೀಲಿಯಾ ಸೊರಾಬ್ಜಿಯವರು ಪುಣೆಯ ಡೆಕ್ಕನ್ ಕಾಲೇಜಿನಿಂದ ಪದವಿ ಪರೀಕ್ಷೆಗೆ ಕುಳಿತು ಅಗ್ರಸ್ಥಾನವನ್ನು ಪಡೆದರು. ಅಗ್ರಸ್ಥಾನ ಪಡೆದವರನ್ನು ಇಂಗ್ಲೆಂಡಿಗೆ ಕಳುಹಿಸಲು ಸರ್ಕಾರದ ವಿದ್ಯಾರ್ಥಿವೇತನವೊಂದು ಇದ್ದಿತು. ಅಂಕಗಳು ಸರಿಯಾಗಿದ್ದುವು, ಶ್ರೇಣಿ ಸರಿಯಾಗಿದ್ದಿತು. ಅಭ್ಯರ್ಥಿ ಹೆಂಗಸೆಂಬುದೊಂದೇ ತಪ್ಪಿದ್ದಿತು. ವೇತನ ಕೈಬಿಟ್ಟುಹೋಯಿತು. ಫ್ಲಾರೆನ್ಸ್ ನೈಟಿಂಗೇಲರನ್ನೂ ಒಳಗೊಂಡ ಇಂಗ್ಲೆಂಡಿನ ಹಿತೈಷಿಗಳು ಚಂದಾ ಎತ್ತಿದ ಮೇಲೆ ಆಕೆ 1889ರಲ್ಲಿ ಆಕ್ಸ್‌ಫರ್ಡಿನ ಸಾಮರ್‌ವಿಲ್ ಕಾಲೇಜನ್ನು ಸೇರಿ, ವಿಶೇಷಾನುಮತಿಯ ಮೇಲೆ 1892ರಲ್ಲಿ ಇದೇ ಬಿ.ಸಿ.ಎಲ್. ಪರೀಕ್ಷೆಯನ್ನು ಬರೆದರು, ಅದನ್ನು ಬರೆದ ಮೊದಲ ಮಹಿಳೆ ಆಕೆಯೇ. ಪರೀಕ್ಷೆ ತೆಗೆದುಕೊಂಡ ವಿಶ್ವವಿದ್ಯಾನಿಲಯವು ಪದವಿಯನ್ನು ಮಾತ್ರ ಕೊಡಲಿಲ್ಲ; ಹೆಂಗಸರಿಗೆ ಪದವಿ ಕೊಡುವ ಪದ್ಧತಿ ಅಲ್ಲಿ 1920ರವರೆಗೂ ಇರಲಿಲ್ಲ. ಸೊರಾಬ್ಜಿಯವರು ತಮ್ಮ ಪದವಿಯನ್ನು 1922ರಲ್ಲಿ, ಐವತ್ತೈದು ದಾಟಿದ ವಯಸ್ಸಿನಲ್ಲಿ ಸ್ವೀಕರಿಸಿದರು. ಅರ್ಹತೆ ಎಂಬುದು ಉತ್ತರಪತ್ರಿಕೆಯಲ್ಲಿ ಇರುವ ವಸ್ತುವೆಂದು ಮಕ್ಕಳಿಗೆ ಬೋಧಿಸುವ ಉಪಾಧ್ಯಾಯರು ಈ ಮೂವತ್ತು ವರ್ಷಗಳ ಲೆಕ್ಕವನ್ನೂ ಹೇಳಿಕೊಡುವುದು ಒಳ್ಳೆಯದು.

ನಾನು: ಇನ್ನು ಹಣದ ಮೂಲ. ಕೇಳಬಹುದೋ?

ಉಯಿಲು: ಕಿಂಬರ್ಲಿಯ ವಜ್ರ. 1888ರಲ್ಲಿ ಸ್ಥಾಪಿತವಾದ ಡಿ ಬೀರ್ಸ್ ಸಂಸ್ಥೆ.

ನಾನು: ವಜ್ರವು ತಾನಾಗಿ ಮೇಲಕ್ಕೆ ಬರುವುದಿಲ್ಲವಷ್ಟೆ. ಅಗೆದವರು ಯಾರು?

ಉಯಿಲು: ಆಫ್ರಿಕನ್ನರು. ಬೇಲಿ ಹಾಕಿದ ವಠಾರಗಳಲ್ಲಿ ಇದ್ದುಕೊಂಡು ಅಗೆದರು. ಯಜಮಾನರು ಕೇಪ್ ವಸಾಹತಿನ ಪ್ರಧಾನಿಯಾಗಿದ್ದಾಗ, 1894ರಲ್ಲಿ ಗ್ಲೆನ್ ಗ್ರೇ ಶಾಸನ ಎಂಬುದನ್ನು ತಂದರು. ವರ್ಷದಲ್ಲಿ ಮೂರು ತಿಂಗಳು ಹೊರಗೆ ದುಡಿಯಲು ಹೋಗದ ಗಂಡಸು ಹತ್ತು ಷಿಲಿಂಗು ತೆರಿಗೆ ಕೊಡತಕ್ಕದ್ದು. ದುಡಿಮೆಯ ಘನತೆಯನ್ನು ಕಲಿಸುವುದಕ್ಕೆ.

ನಾನು: ಮತ್ತು ದುರ್ಬಲರ ಬಗೆಗೆ ಅನುಕಂಪವಿರತಕ್ಕವರನ್ನೇ ವಿದ್ಯಾರ್ಥಿಗಳಾಗಿ ಆರಿಸಬೇಕೆಂದು ಅವರೇ ಬರೆಯಿಸಿದರು.

ಉಯಿಲು: ತಮ್ಮಲ್ಲಿ ಇಲ್ಲದ್ದನ್ನು ಇತರರಲ್ಲಿ ಹುಡುಕಿಸಲು ಹಣವಿಟ್ಟುಹೋಗುವುದು ಶ್ರೀಮಂತರ ಪದ್ಧತಿ. ಅಷ್ಟಕ್ಕೂ ನಿಮ್ಮ ಊರಿನಿಂದ ನೂರು ಕಿಲೋಮೀಟರಿನೊಳಗೆ ಕೋಲಾರದ ಚಿನ್ನದ ಗಣಿಗಳಿದ್ದುವಲ್ಲ. ಯಜಮಾನರು ತೀರಿಕೊಂಡ 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ಆ ಗಣಿಗಳಿಗೆ ಹರಿಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಗಣಿಗೆ ಮೊದಲು, ಊರಿಗೆ ಆಮೇಲೆ. ಆ ಚಿನ್ನದ ಷೇರುದಾರರೂ ಲಂಡನ್ನಿನಲ್ಲಿಯೇ ಇದ್ದರು. ಅವರ ಪೈಕಿ ಯಾರಾದರೂ ಗಣಿಯ ಮಕ್ಕಳ ವಿದ್ಯೆಗೆಂದು ನನ್ನಂಥವನೊಬ್ಬನನ್ನು ಬರೆಯಿಸಿದ ಸಂಗತಿ ನಿಮಗೆ ತಿಳಿದಿದೆಯೇ?

ನಾನು: ತಿಳಿಯದು. 2001ರಲ್ಲಿ ಗಣಿಯನ್ನೇ ಮುಚ್ಚಿದರು.

ಉಯಿಲು: ಹಾಗಾದರೆ ನನ್ನನ್ನು ಸ್ವಲ್ಪ ಮೆಲ್ಲಗೆ ಬೈಯಿರಿ.

ಈ ಪ್ರತ್ಯುತ್ತರಕ್ಕೆ ನಾನು ಮಣಿದೆನೆಂದು ಓದುಗರು ಭಾವಿಸಬಾರದು. ಒಬ್ಬ ಸುಲಿಗೆಗಾರನು ಇನ್ನೊಬ್ಬನನ್ನು ತೋರಿಸಿ ಜಾಮೀನು ಪಡೆಯುವುದು ನಮ್ಮ ಕೆಳಗಿನ ನ್ಯಾಯಾಲಯಗಳಲ್ಲಿಯೂ ಸಾಧ್ಯವಿಲ್ಲ. ಆದರೆ ಕತ್ತಲಾಗುತ್ತ ಬಂದಿತ್ತು, ನನಗೆ ಮುಖ್ಯವಾದ ಪ್ರಶ್ನೆ ಇನ್ನೂ ಉಳಿದಿತ್ತು.

ನಾನು: ಅರ್ಹತೆಯನ್ನು ತಾವು ಅಳೆಯುವ ವಿಧಾನವನ್ನು ತಿಳಿಸಬೇಕು.

ಉಯಿಲು: ಬರಿಯ ಪುಸ್ತಕದ ಹುಳುಗಳು ಬೇಡವೆಂದು ಯಜಮಾನರು ಸ್ಪಷ್ಟವಾಗಿ ಹೇಳಿದ್ದಾರೆ. ಆದ್ದರಿಂದ ಮೊದಲು ಅಂಕಪಟ್ಟಿ, ಆಮೇಲೆ ಅಭ್ಯರ್ಥಿಯು ತನ್ನನ್ನು ತಾನೇ ಬಣ್ಣಿಸಿಕೊಳ್ಳುವ ಪ್ರಬಂಧ, ಆಮೇಲೆ ಅವನನ್ನು ಅಥವಾ ಅವಳನ್ನು ಬಲ್ಲ ಹಲವರು ಹಿರಿಯರ ಶಿಫಾರಸು ಪತ್ರಗಳು, ಪ್ರಾಥಮಿಕ ಸಂದರ್ಶನ, ಅಂತಿಮ ಸಂದರ್ಶನದ ಹಿಂದಿನ ಸಂಜೆ ಮಂಡಲಿಯ ಸದಸ್ಯರೊಡನೆ ಒಂದು ಸ್ನೇಹಕೂಟ.

ನಾನು: ಸ್ನೇಹಕೂಟದಲ್ಲಿ ಅಂಕಗಳುಂಟೆ?

ಉಯಿಲು: ಇಲ್ಲವೆಂದೇ ಹೇಳುತ್ತಾರೆ. ಆದರೂ ಆ ಸಂಜೆ ಯಾರೂ ಹೊ‌ಟ್ಟೆತುಂಬ ಉಂಡದ್ದನ್ನು ನಾನು ಕಂಡಿಲ್ಲ.

ನನ್ನ ಕಣ್ಣು ಪಡಸಾಲೆಯನ್ನು ಒಂದು ಸುತ್ತು ಸುತ್ತಿ ಬಂದಿತು. ಗೋಡೆಯುದ್ದಕ್ಕೂ ನಿಂತ ಗಾಜಿನ ಬೀರುಗಳಲ್ಲಿ ಎ.ಐ.ಆರ್. ಎಂಬ ತೀರ್ಪುಗಳ ಸಂಪುಟಗಳು ಬೆನ್ನು ತೋರಿಸಿ ಸಾಲಾಗಿ ಕುಳಿತಿದ್ದುವು. ಕೆಲವುಗಳ ಬೆನ್ನಿನ ಚಿನ್ನದ ಅಕ್ಷರಗಳು ತಾತನವರ ಹೆಬ್ಬೆರಳಿಗೆ ಸವೆದು ಇಸವಿಯ ಕೊನೆಯ ಅಂಕೆ ಮಾತ್ರ ಉಳಿದಿತ್ತು. ಕೆಳಗಿನ ಹಲಗೆಯಲ್ಲಿ ಹುಡುಗಿಯ ಚರ್ಚಾಸ್ಪರ್ಧೆಯ ಬೆಳ್ಳಿಯ ಬಟ್ಟಲುಗಳು. ಈ ಮನೆಯಲ್ಲಿ ರಾತ್ರಿ ಸಾರನ್ನಕ್ಕೆ ಕುಳಿತಾಗ ಮೂಲಭೂತ ಹಕ್ಕುಗಳ ವಿಷಯ ಬರುತ್ತಿತ್ತು, ಮಜ್ಜಿಗೆಗೆ ಬರುವ ಹೊತ್ತಿಗೆ ತಾತನವರು ತೀರ್ಪನ್ನು ಕಾಯ್ದಿರಿಸುತ್ತಿದ್ದರು.

ನಾನು: ನೇರವಾಗಿಯೇ ಕೇಳುತ್ತೇನೆ. ಬಂಗಾರಪೇಟೆಯಿಂದ ಮುಂಜಾನೆಯ ಪ್ಯಾಸೆಂಜರು ಹಿಡಿದು ಬೆಂಗಳೂರಿಗೆ ಬಂದು, ಮೂರು ವರ್ಷದ ಎಲ್‌ಎಲ್.ಬಿ. ತರಗತಿಯಲ್ಲಿ ಮಧ್ಯಾಹ್ನದವರೆಗೆ ಕುಳಿತು, ಸಂಜೆ ಚಾಮರಾಜಪೇಟೆಯ ವಕೀಲರೊಬ್ಬರ ಕಚೇರಿಯಲ್ಲಿ ವಕಾಲತ್ತುನಾಮೆಗಳಿಗೆ ದಾರ ಪೋಣಿಸಿ, ರಾತ್ರಿಯ ರೈಲಿನಲ್ಲಿ ನಿಂತುಕೊಂಡೇ ಸಾಕ್ಷ್ಯ ಕಾನೂನನ್ನು ಓದುವ ಹುಡುಗನೊಬ್ಬನಿದ್ದಾನೆ ಎಂದಿಟ್ಟುಕೊಳ್ಳಿ. ತಮ್ಮ ಸ್ನೇಹಕೂಟಕ್ಕೆ ಅವನು ಬಂದುದುಂಟೆ?

ಉಯಿಲು: ಬರಬಾರದೆಂದು ನನ್ನಲ್ಲಿ ಎಲ್ಲಿ ಬರೆದಿದೆ?

ನಾನು: ಬರಬಾರದೆಂದು ಬರೆದಿಲ್ಲ. ಅವನಿಗೆ ಶಿಫಾರಸು ಪತ್ರ ಕೊಡತಕ್ಕ ಹಿರಿಯರು ಯಾರು? ಮೈದಾನವಿಲ್ಲದ ಕಾಲೇಜಿನಲ್ಲಿ ಅವನು ಯಾವ ಆಟದಲ್ಲಿ ಕೀರ್ತಿ ಗಳಿಸಬೇಕು? ತನ್ನನ್ನು ತಾನು ಬಣ್ಣಿಸಿಕೊಳ್ಳುವುದು ಅಹಂಕಾರವೆಂದು ಅಮ್ಮನಿಂದ ಪೆಟ್ಟು ತಿಂದು ಬೆಳೆದವನು ಆ ಪ್ರಬಂಧವನ್ನು ಯಾವ ಇಂಗ್ಲಿಷಿನಲ್ಲಿ ಬರೆಯಬೇಕು?

ಉಯಿಲು: ನೀವು ನನ್ನನ್ನು ಛತ್ರವೆಂದು ಭಾವಿಸಿದ್ದೀರಿ. ಬಡತನವು ನನ್ನ ಷರತ್ತುಗಳಲ್ಲಿ ಎಲ್ಲಿಯೂ ಇಲ್ಲ. ಆದಾಯದ ದೃಢೀಕರಣ ಪತ್ರವನ್ನು ನಾನು ಎಂದೂ ಕೇಳಿದವನಲ್ಲ. ಬಡವನಾದರೂ ಸರಿ, ಕೋಟ್ಯಧೀಶನಾದರೂ ಸರಿ. ವಿದ್ಯಾರ್ಥಿವೇತನವೆಂದೊಡನೆಯೇ ಬೀದಿದೀಪದ ಕೆಳಗೆ ಓದುವ ಹುಡುಗನೊಬ್ಬನನ್ನು ನೀವು ಊಹಿಸಿಕೊಂಡಿರಿ. ನಾನು ಕೊಂಡುಕೊಳ್ಳುವುದು ಪಕ್ವವಾದ ಹಣ್ಣನ್ನು. ಗಿಡಕ್ಕೆ ನೀರೆರೆದವರು ಯಾರೆಂದು ವಿಚಾರಿಸುವುದಿಲ್ಲ. ಈ ಹುಡುಗಿಯ ಬುದ್ಧಿ ಅವಳದೇ, ಅವಳು ಎಚ್ಚರವಿದ್ದ ರಾತ್ರಿಗಳೂ ಅವಳವೇ. ಆ ಗಾಜಿನ ಬೀರುಗಳು ಮಾತ್ರ ಅವಳು ಹುಟ್ಟುವ ಮೊದಲೇ ಬಂದವು. ಮಂಡಲಿಯವರು ಎರಡನ್ನೂ ಒಟ್ಟಿಗೆ ತೂಗುತ್ತಾರೆ. ಬೇರೆ ಮಾಡಿ ತೂಗುವ ತಕ್ಕಡಿ ಆಕ್ಸ್‌ಫರ್ಡಿನಲ್ಲಿ ಇಲ್ಲ.

ಇಷ್ಟು ಪ್ರಾಮಾಣಿಕವಾದ ಉತ್ತರವನ್ನು ಸಾಮ್ರಾಜ್ಯವಾದಿಯ ಕಾಗದವೊಂದರಿಂದ ನಾನು ನಿರೀಕ್ಷಿಸಿರಲಿಲ್ಲ. ನಮ್ಮವರು ಕೂಡ ಇಷ್ಟು ನೇರವಾಗಿ ಹೇಳುವುದಿಲ್ಲ.

ನಾನು: ತೂಕದ ಮಾತು ಬಂದಿತು. ಇದೇ ಆಕ್ಸ್‌ಫರ್ಡಿನ ಇದೇ ತರಗತಿಗೆ ಹೋಗಲು ನಮ್ಮಲ್ಲಿ ಬೇರೆ ದಾರಿಗಳೂ ಇವೆ. ಪರಿಶಿಷ್ಟ ಜಾತಿಗಳವರು, ಅಲೆಮಾರಿಗಳು, ಭೂಹೀನ ಕೃಷಿಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳು ಇವರ ಮಕ್ಕಳಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಇಡೀ ದೇಶಕ್ಕೆ ವರ್ಷಕ್ಕೆ 125 ಸ್ಥಾನ, ಕುಟುಂಬದ ಆದಾಯ 8 ಲಕ್ಷ ಮೀರಬಾರದು. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆ ಪ್ರಬುದ್ಧ ಎಂಬ ಹೆಸರಿನ ಯೋಜನೆಯನ್ನಿಟ್ಟಿದೆ.

ಉಯಿಲು: ಬಲ್ಲೆ. ಅವರೂ ಪ್ರವೇಶವನ್ನು ತಾವೇ ಗೆದ್ದು ಬರಬೇಕು. ವಿಶ್ವವಿದ್ಯಾನಿಲಯವು ಅವರಿಗೆಂದು ಬಾಗಿಲನ್ನು ಅಗಲಿಸುವುದಿಲ್ಲ. ಅದಲ್ಲದೆ ನಾಡಕಚೇರಿಯ ಜಾತಿ ಪತ್ರ, ಆದಾಯ ಪತ್ರ, ಮುಚ್ಚಳಿಕೆ, ಇನ್ನೆಷ್ಟೋ ನಕಲುಗಳು. ಆ ಪತ್ರಗಳಲ್ಲಿ ಹೆಸರಿನ ಕಾಗುಣಿತ ಒಂದೇ ರೀತಿ ಇರುವಂತೆ ಮಾಡುವುದು ನನ್ನ ಅಂತಿಮ ಸಂದರ್ಶನಕ್ಕಿಂತ ಕಠಿಣವೆಂದು ಕೇಳಿದ್ದೇನೆ. ಈಗ ನಾನು ನಿಮ್ಮನ್ನು ಕೇಳುತ್ತೇನೆ. ಆ ವೇತನದ ಮೇಲೆ ಹೊರಟ ಹುಡುಗನ ಮನೆಗೆ ನಿಮ್ಮ ಬೀದಿಯವರು ಮೈಸೂರು ಪಾಕು ಹಂಚಿದ್ದರೇ?

ನಾನು: ಅಂಥ ಹುಡುಗನೊಬ್ಬನು ನಮ್ಮ ಬೀದಿಯಲ್ಲಿ...

ಉಯಿಲು: ಬಾಡಿಗೆಗೆ ಇರಲು ಆಗುವುದಿಲ್ಲ. ಹಲಗೆಯನ್ನು ಓದಿದೆನೆಂದು ಹೇಳಿದೆನಲ್ಲ. ವಜ್ರದ ಹಣದಿಂದ ಹೋದರೆ ಪ್ರತಿಭೆ, ತೆರಿಗೆಯ ಹಣದಿಂದ ಹೋದರೆ ಸೌಲಭ್ಯ. 1913ರಲ್ಲಿ ಬರೋಡೆಯ ಮಹಾರಾಜರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಕೊಟ್ಟು, ಹಿಂದಿರುಗಿ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡತಕ್ಕದ್ದೆಂದು ಬರೆಯಿಸಿಕೊಂಡು ಒಬ್ಬ ತರುಣನನ್ನು ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರಷ್ಟೆ. ಕಳೆದ ಶತಮಾನದಲ್ಲಿ ನಿಮ್ಮ ದೇಶಕ್ಕೆ ಅದಕ್ಕಿಂತ ಹೆಚ್ಚಿನ ಬಡ್ಡಿ ತಂದ ವಿದ್ಯಾರ್ಥಿವೇತನ ನನ್ನ ಲೆಕ್ಕದ ಪುಸ್ತಕದಲ್ಲಿ ಇಲ್ಲ. ಈ ಹುಡುಗಿ ಐದು ವರ್ಷ ಓದಿದ ಸಂವಿಧಾನವೇ ಅದಕ್ಕೆ ಸಾಕ್ಷಿ. ಆ ಭೀಮರಾಯರಿಗೂ ಬರೋಡೆಗೆ ಹಿಂದಿರುಗಿದಾಗ ಬಾಡಿಗೆಗೆ ಮನೆ ಸಿಕ್ಕಲಿಲ್ಲ.

ಮಾತನ್ನು ಬೇರೆ ಕಡೆಗೆ ತಿರುಗಿಸುವುದು ಹಿತವೆಂದು ನನಗೆ ತೋರಿತು.

ನಾನು: ತಾತಾ ಅವರ ದತ್ತಿಯ ವಿಷಯದಲ್ಲಿ ತಮ್ಮ ಅಭಿಪ್ರಾಯವೇನು? ಅವರ ಹೆಸರಿನ ರೇಷ್ಮೆ ತೋಟವಿದ್ದ ಜಾಗವನ್ನು ಈಗಲೂ ನಮ್ಮ ಬಸವನಗುಡಿಯವರು ಟಾಟಾ ಸಿಲ್ಕ್ ಫಾರಂ ಎಂದೇ ಕರೆಯುತ್ತಾರೆ.

ಉಯಿಲು: ಜೆ.ಎನ್. ತಾತಾ ದತ್ತಿ 1892ರದು; ನನಗಿಂತ ಹಿರಿಯ. ಆತನು ಕೊಡುವುದು ಸಾಲ. ಓದಿ, ದುಡಿದು, ಹಿಂದಕ್ಕೆ ಕೊಡಬೇಕು. ಆ ಹಣ ಮುಂದಿನವರಿಗೆ. ಗೌರವವುಳ್ಳ ವ್ಯವಸ್ಥೆ. ಆದರೆ ಸಾಲ ಸಿಕ್ಕಿತೆಂದು ಯಾರೂ ಸಿಹಿ ಹಂಚುವುದಿಲ್ಲ, ನೋಡಿ. ಅದಕ್ಕಿಂತ ದೊಡ್ಡ ವ್ಯತ್ಯಾಸವೊಂದಿದೆ. ನಾನು ನಿಮ್ಮ ಮಕ್ಕಳನ್ನು ವಿದ್ಯೆಯ ಬಳಿಗೆ ಕರೆದೊಯ್ದೆ. ತಾತಾ ವಿದ್ಯೆಯನ್ನೇ ಇಲ್ಲಿಗೆ ಕರೆತರಲು ಹಣವಿಟ್ಟರು, ಮೈಸೂರಿನ ಮಹಾರಾಜರು ಮಲ್ಲೇಶ್ವರದಾಚೆ 371 ಎಕರೆ ಕೊಟ್ಟರು, ವಿಜ್ಞಾನ ಮಂದಿರ ಎದ್ದಿತು. ಆಕ್ಸ್‌ಫರ್ಡನ್ನು ನಾಗರಭಾವಿಗೆ ತರಿಸಬೇಕೆಂದು ಯಜಮಾನರಿಗೆ ತೋಚಲಿಲ್ಲ. ತೋಚಿದ್ದರೆ ನನಗೆ ಕೆಲಸವಿರುತ್ತಿರಲಿಲ್ಲ.

ನಾನು: ಹೋದವರು ಹಿಂದಿರುಗಿ ಏನು ಮಾಡಿದರು? ಐಕ್ಯ ಉಳಿಯಿತೆ?

ಉಯಿಲು: ಅದೇ ನನ್ನ ದುಃಖ. 1960ರಲ್ಲಿ ಧಾರವಾಡದಿಂದ ಗಿರೀಶ ಕಾರ್ನಾಡರೆಂಬವರನ್ನು ಆರಿಸಿದೆವು. ಇಂಗ್ಲಿಷಿನಲ್ಲಿ ಕವಿಯಾಗಬೇಕೆಂದಿದ್ದ ತರುಣನೆಂದು ಸಂತೋಷಪಟ್ಟೆವು. ಹಡಗು ಹತ್ತುವ ಸಿದ್ಧತೆಯಲ್ಲಿರುವಾಗಲೇ ಅವರು ಕನ್ನಡದಲ್ಲಿ ‘ಯಯಾತಿ’ಯನ್ನು ಬರೆದುಬಿಟ್ಟರು. 1963ರಲ್ಲಿ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷಪೀಠದಲ್ಲಿ ಕುಳಿತರು. ಹಿಂದಿರುಗಿ ಮತ್ತೆ ಕನ್ನಡದಲ್ಲಿಯೇ ಬರೆದರು. ಕಾನೂನಿನವರ ಕಥೆ ಇನ್ನೂ ವಿಚಿತ್ರ. ಈ ಹುಡುಗಿಯ ಶಾಲೆಯವರೇ ಆದ ಮೇನಕಾ ಗುರುಸ್ವಾಮಿಯವರು ನನ್ನ ಹಣದಲ್ಲಿ ಬಿ.ಸಿ.ಎಲ್. ಓದಿದರು. ನಮ್ಮವರು 1860ರಲ್ಲಿ ನಿಮಗೆ ಬರೆದುಕೊಟ್ಟ ದಂಡಸಂಹಿತೆಯಲ್ಲಿ ಸಲಿಂಗ ಸಂಬಂಧವನ್ನು ಅಪರಾಧವೆನಿಸಿದ್ದ 377ನೆಯ ಕಲಮಿನ ವಿರುದ್ಧ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದವರ ಪೈಕಿ ಅವರೂ ಒಬ್ಬರು; 2018ರಲ್ಲಿ ಆ ಕಲಮಿನ ಕೊಂಡಿ ಕಳಚಿತು. ಸಾಮ್ರಾಜ್ಯದ ಹಣವೇ ಸಾಮ್ರಾಜ್ಯದ ಕಾನೂನನ್ನು ಕಿತ್ತುಹಾಕಿತು. ಅದಕ್ಕೂ ಒಂದು ವರ್ಷ ಮೊದಲೇ ಅವರ ಭಾವಚಿತ್ರವನ್ನು ರೋಡ್ಸ್ ಹೌಸಿನ ಗೋಡೆಗೆ ಏರಿಸಿದ್ದರು. ನಾನು ಏನೂ ಹೇಳಲಾಗದವನು; ನನ್ನಲ್ಲಿ ಆ ಬಗ್ಗೆ ಷರತ್ತಿಲ್ಲ.

ನಾನು: ವಿದೇಶದ ಒಂದು ವರ್ಷದ ಸ್ನಾತಕೋತ್ತರ ಪದವಿಗೆ ನಮ್ಮಲ್ಲಿ ಪೂರ್ಣ ಬೆಲೆಯಿಲ್ಲವೆಂದು ವಕೀಲರ ಪರಿಷತ್ತು 2021ರ ಜನವರಿಯಲ್ಲಿ ನಿಯಮ ಪ್ರಕಟಿಸಿ, ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಆ ವರ್ಷದ ಮಟ್ಟಿಗೆ ಜಾರಿ ನಿಂತದ್ದು ತಮಗೆ ತಿಳಿದಿರಬಹುದು.

ಉಯಿಲು: ಜಗತ್ತಿನ ಅತ್ಯಂತ ಕಠಿಣವಾದ ಕಾನೂನು ವ್ಯಾಸಂಗಗಳಲ್ಲೊಂದನ್ನು ಮುಗಿಸಿ ಬಂದವರು ಇಲ್ಲಿ ಪಾಠ ಹೇಳುವ ಮೊದಲು ಒಂದು ವರ್ಷ ಅಭ್ಯಾಸ ಮಾಡಬೇಕೆಂಬ ಸೂಚನೆಯಷ್ಟೆ? ಬಹಳ ಮೆಚ್ಚಿದೆ. ಐಕ್ಯದ ಭಾವನೆ ನಿಮ್ಮ ಕಡೆಯಿಂದಲೂ ಇಲ್ಲವೆಂದು ತಿಳಿದು ಸಮಾಧಾನವಾಯಿತು.

ನಾನು: ಕೊನೆಗೆ ಯಜಮಾನರ ವಿಗ್ರಹದ ವಿಚಾರ. ಕೇಪ್ ಟೌನಿನಲ್ಲಿ 2015ರಲ್ಲಿ ಕೆಳಗಿಳಿಸಿದರು. ಆಕ್ಸ್‌ಫರ್ಡಿನಲ್ಲಿ?

ಉಯಿಲು: ಓರಿಯಲ್ ಕಾಲೇಜಿನವರು 2020ರಲ್ಲಿ ತೆಗೆಯುವ ಇಚ್ಛೆ ವ್ಯಕ್ತಪಡಿಸಿ, 2021ರಲ್ಲಿ ಖರ್ಚನ್ನೂ ಪರವಾನಗಿಯ ತೊಡಕನ್ನೂ ಲೆಕ್ಕ ಹಾಕಿ, ಇರಲಿ ಎಂದರು. ನಿಮ್ಮ ಹೈಕೋರ್ಟಿನ ಮುಂದಿದ್ದ ಕಬ್ಬನ್ ಸಾಹೇಬರೂ 2020ರಲ್ಲಿಯೇ ಉದ್ಯಾನದ ಒಳಕ್ಕೆ ವರ್ಗವಾದರಂತೆ. ನೀವು ಒಳ್ಳೆಯವರು, ಕೆಡವುವುದಿಲ್ಲ, ಬಡ್ತಿಯಿಲ್ಲದ ಜಾಗಕ್ಕೆ ವರ್ಗ ಮಾಡುತ್ತೀರಿ. ಈಗ ನನ್ನದೊಂದು ಪ್ರಶ್ನೆ. ಇಷ್ಟು ಹೊತ್ತು ಪರದೇಶಿಯೊಬ್ಬನ ಉಯಿಲನ್ನು ಪಾಟೀಸವಾಲಿಗೆ ಗುರಿಮಾಡಿದಿರಿ. ನಿಮ್ಮ ಬಡಾವಣೆಯ ಉಯಿಲುಗಳಲ್ಲಿ ಏನು ಬರೆದಿರುತ್ತದೆ?

ನಾನು: ಗುಬ್ಬಿ ತೋಟದಪ್ಪನವರು ತಮ್ಮ ಆಸ್ತಿಯನ್ನು ಧರ್ಮಕ್ಕೆ ಮುಡಿಪಿಟ್ಟು ರೈಲು ನಿಲ್ದಾಣದ ಬಳಿ ಛತ್ರ ಕಟ್ಟಿಸಿದರು, 1903ರಲ್ಲಿ ಅದು ತೆರೆಯಿತು. ಅವರ ಧರ್ಮಸಂಸ್ಥೆಯ ವಿದ್ಯಾರ್ಥಿನಿಲಯದಲ್ಲಿ ಉಚಿತವಾಗಿ ಉಂಡು ಓದಿದವರು ನಾಡಿನ ತುಂಬ ಇದ್ದಾರೆ.

ಉಯಿಲು: 1903 ಎಂದಿರಿ. ಅಂದರೆ ನನ್ನ ಸಮವಯಸ್ಕ. ಆಮೇಲೆ?

ಅಷ್ಟರಲ್ಲಿ ತಾತನವರು ವಿಭೂತಿ ಧರಿಸಿ ಪಡಸಾಲೆಗೆ ಬಂದುದರಿಂದ ಸಂದರ್ಶನ ಅಲ್ಲಿಗೆ ಮುಗಿಯಿತು. ಆಮೇಲೆ ಎಂಬ ಪ್ರಶ್ನೆಯನ್ನು ನಾನು ಓದುಗರಿಗೆ ಒಪ್ಪಿಸುತ್ತಿದ್ದೇನೆ. 1898ರ ಪ್ಲೇಗಿನ ಕಾಲದಲ್ಲಿ ಗಾಳಿ ಬೆಳಕಿಗಾಗಿ ವಿಂಗಡಿಸಿದ ಬಸವನಗುಡಿ, ಮಲ್ಲೇಶ್ವರಗಳ ನಿವೇಶನಗಳು ಇಂದು ಚದರಡಿಯ ಲೆಕ್ಕದಲ್ಲಿ ಮಾರಾಟವಾಗಿ, ಅವನ್ನು ಕೊಂಡ ತಾತನಿಗೆ ಕನಸಿನಲ್ಲಿಯೂ ಕಾಣದ ಕೋಟಿಗಳನ್ನು ಮೊಮ್ಮಕ್ಕಳ ಕೈಗೆ ಇಡುತ್ತಿವೆ. ಅವುಗಳ ಒಡೆಯರಾದ ಹಿರಿಯರಲ್ಲಿ ನನ್ನ ಬಿನ್ನಹ ಇಷ್ಟೆ: ಉಯಿಲು ಬರೆಯಿಸುವಾಗ ಮಕ್ಕಳ ಪಾಲಿನ ಕೆಳಗೆ ಇನ್ನೊಂದು ಪ್ಯಾರಾ ಇರಲಿ, ಬಂಗಾರಪೇಟೆಯ ರೈಲಿನಲ್ಲಿ ನಿಂತು ಓದುವವನಿಗೆ ಪುಸ್ತಕದ ಹಣ, ಪಟ್ಟಣದಲ್ಲಿ ಒಂದು ಕೊಠಡಿ, ಇಂಗ್ಲಿಷು ತಿದ್ದುವ ಒಬ್ಬ ಉಪಾಧ್ಯಾಯರು, ಇಷ್ಟಕ್ಕಾಗುವಷ್ಟನ್ನು ಅದರಲ್ಲಿ ಬರೆಯಿಸಿರಿ. ಉಳಿದದ್ದನ್ನು ರೋಡ್ಸ್ ಸಾಹೇಬರ ಧರ್ಮದರ್ಶಿಗಳು ನೋಡಿಕೊಳ್ಳುತ್ತಾರೆ. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. ಬರೆಯಿಸಿದವರ ಸಹಿಯೂ ಇಬ್ಬರು ಸಾಕ್ಷಿಗಳ ಸಹಿಯೂ ಇದ್ದರೆ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮಕ್ಕೆ ಸಾಕು.